ಒಟ್ಟಿಗೆ ಬೀಳುವುದು ಯಾವುದು? ವಿಎಂ ಕ್ಲಸ್ಟರ್‌ಗೆ ಸ್ಟೋರೇಜ್ ಹಂಚುವ ಮಾತು

(ಮೈಸೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಮಾಡಿದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ರಾತ್ರಿಯ ಕಥೆ ಹೇಳಿಬಿಡುತ್ತೇನೆ.

ನಾನು ಆಗ ಕೆಲಸ ಮಾಡುತ್ತಿದ್ದ ಕಡೆ 3 ಹೋಸ್ಟ್ (ವಿಎಂ ಓಡಿಸುವ ನಿಜವಾದ ಸರ್ವರ್), ಒಂದು ಸ್ಟೋರೇಜ್ ಪೆಟ್ಟಿಗೆ, 40ರ ಹತ್ತಿರ ವಿಎಂ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಸರ್ವರ್, ಅಂದರೆ ವರ್ಚುವಲ್ ಮಷೀನ್) ಇದ್ದವು. ಮಳೆಗಾಲ. ಸಂಜೆ ಕರೆಂಟ್ ಹೋಯಿತು. ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಯುಪಿಎಸ್ ಬ್ಯಾಟರಿ ಅರ್ಧ ಗಂಟೆಯೂ ತಡೆಯಲಿಲ್ಲ. ಎಲ್ಲವೂ ಆಫ್ ಆಯಿತು. ರಾತ್ರಿ 9ಕ್ಕೆ ಕರೆಂಟ್ ಬಂತು. ಸ್ಟೋರೇಜ್ ಎದ್ದಿತು, ಹೋಸ್ಟ್‌ಗಳೂ ಎದ್ದವು. ವಿಎಂ ಮಾತ್ರ ಒಂದೂ ಏಳಲಿಲ್ಲ.

ಕಾರಣ ಹುಡುಕಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಸ್ಟೋರೇಜನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವಿಧಾನ) ಮೂಲಕ ಹೋಸ್ಟ್‌ಗಳಿಗೆ ಜೋಡಿಸಿದ್ದೆವು. ಜೋಡಿಸುವಾಗ ಐಪಿ ವಿಳಾಸ ಕೊಟ್ಟಿರಲಿಲ್ಲ, ಹೆಸರು ಕೊಟ್ಟಿದ್ದೆವು. ಆ ಹೆಸರಿನ ವಿಳಾಸ ಹೇಳಬೇಕಾದ ಡಿಎನ್‌ಎಸ್ ಸರ್ವರ್ ಒಂದು ವಿಎಂ. ಆ ವಿಎಂ ಇದ್ದದ್ದು ಅದೇ ಸ್ಟೋರೇಜಿನೊಳಗೆ. ಸರಿ, ವಿಳಾಸವನ್ನು ಕೈಯಲ್ಲೇ ಬರೆದುಬಿಡೋಣ ಅಂದರೆ, ಅದು ಇದ್ದದ್ದು ನಮ್ಮ ಒಳಗಿನ ವಿಕಿಯಲ್ಲಿ. ವಿಕಿಯೂ ವಿಎಂ. ಸ್ಟೋರೇಜಿನ ಪಾಸ್‌ವರ್ಡ್ ಇದ್ದದ್ದು ಇನ್ನೊಂದು ವಿಎಂನಲ್ಲಿ. ಕೊನೆಗೆ ಸ್ಟೋರೇಜ್ ಕೂರಿಸಿದ ದಿನ ಕೊಟ್ಟಿದ್ದ ಒಂದು ಹಾಳೆ ಬೀರುವಿನ ತಳದಲ್ಲಿ ಸಿಕ್ಕಿತು. ರಿಪೇರಿಗೆ ಹಿಡಿದದ್ದು 10 ನಿಮಿಷ. ಹಾಳೆ ಹುಡುಕಲು ಹಿಡಿದದ್ದು 4 ಗಂಟೆ.

ಅವತ್ತಿನಿಂದ ನಾನು ಸ್ಟೋರೇಜ್ ಪ್ಲಾನ್ ಮಾಡಲು ಕೂತಾಗ ಎಷ್ಟು ಟಿಬಿ, ಎಷ್ಟು ಸ್ಪೀಡ್ ಅಂತ ಶುರು ಮಾಡುವುದಿಲ್ಲ. ಒಂದು ಖಾಲಿ ಹಾಳೆ ತಗೊಂಡು ಒಂದೇ ಪ್ರಶ್ನೆ ಕೇಳುತ್ತೇನೆ. ಇದು ಬಿದ್ದರೆ ಇದರ ಜೊತೆ ಇನ್ನೇನು ಬೀಳುತ್ತದೆ? ಇವತ್ತಿನ ಮಾತೆಲ್ಲ ಇದೊಂದು ಪ್ರಶ್ನೆಯ ಸುತ್ತ.

ನಮ್ಮದು ಸಣ್ಣ ಜಾಗ, ಅದಕ್ಕೇ ಹೀಗಾಯಿತು ಅಂತ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಆಸ್ಟ್ರೇಲಿಯಾದ ತೆರಿಗೆ ಇಲಾಖೆಯ ವಿಷಯ ಓದಿದೆ. 2016ರ ಡಿಸೆಂಬರ್ 12ರಂದು ಅವರ ಸ್ಯಾನ್ ಸ್ಟೋರೇಜ್ (ಹಲವು ಸರ್ವರ್‌ಗಳು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಸ್ಟೋರೇಜ್) ಬಿತ್ತು, ಅವರ ಹಲವು ಸೇವೆಗಳು ನಿಂತವು. 2017ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಬಿತ್ತು. ಆಮೇಲೆ ಇಲಾಖೆಯೇ ಏನಾಯಿತು ಅಂತ ವರದಿ ಹೊರತಂದಿತು. ಫೈಬರ್ ಕೇಬಲ್‌ಗಳು ಸರಿಯಾಗಿ ಕೂತಿರದೆ ಅವುಗಳ ಮೇಲೆ ಒತ್ತಡ ಬಿದ್ದಿತ್ತು. ಸ್ಟೋರೇಜನ್ನು ಜೋಡಿಸುವಾಗ ತಡೆದುಕೊಳ್ಳುವ ಶಕ್ತಿಗಿಂತ ಸ್ಪೀಡ್‌ಗೆ ಜಾಸ್ತಿ ಗಮನ ಕೊಟ್ಟಿದ್ದರು. ಇಡೀ ಸ್ಯಾನ್ ಬಿದ್ದರೆ ಹೇಗೆ ಎಬ್ಬಿಸಬೇಕು ಅನ್ನುವುದನ್ನು ಯಾರೂ ಮಾಡಿ ನೋಡಿರಲಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಮಾತು. ಸ್ಟೋರೇಜ್ ಮೇಲೆ ಕಣ್ಣಿಡುವ, ಅದನ್ನು ನಿಭಾಯಿಸುವ ಸಾಫ್ಟ್‌ವೇರ್‌ಗಳಲ್ಲಿ ಹಲವು ಅದೇ ಸ್ಯಾನ್ ಒಳಗೇ ಕೂತಿದ್ದವು. ನಮ್ಮ ವಿಕಿಯ ಕಥೆಯೇ. ಒಂದು ದೇಶದ ತೆರಿಗೆ ಇಲಾಖೆಗೂ ನಮ್ಮ 40 ವಿಎಂಗಳಿಗೂ ಬಂದ ಕಾಯಿಲೆ ಒಂದೇ.

ಈಗ ಎಚ್‌ಎ (ಹೈ ಅವೈಲಬಿಲಿಟಿ) ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಒಂದು ಹೋಸ್ಟ್ ಸತ್ತರೆ, ಅದರ ಮೇಲಿದ್ದ ವಿಎಂಗಳನ್ನು ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಹೋಸ್ಟ್‌ಗಳ ಗುಂಪು) ಇನ್ನೊಂದು ಹೋಸ್ಟ್ ಮೇಲೆ ಮತ್ತೆ ಆನ್ ಮಾಡುತ್ತದೆ. ಇಷ್ಟೇ. ವಿಎಂ ಡಿಸ್ಕ್ ಎಲ್ಲ ಹೋಸ್ಟ್‌ಗಳಿಗೂ ಕಾಣುವ ಜಾಗದಲ್ಲಿ ಇರುವುದರಿಂದ ಇದು ಆಗುತ್ತದೆ. ಹೋಸ್ಟ್‌ಗಳು ಗದ್ದೆಗಳಿದ್ದ ಹಾಗೆ, ಸ್ಟೋರೇಜ್ ಊರ ಕೆರೆ ಇದ್ದ ಹಾಗೆ. ಒಂದು ಗದ್ದೆ ಹಾಳಾದರೆ ಪಕ್ಕದ್ದು ಇದೆ. ಕೆರೆ ಏರಿ ಒಡೆದರೆ? ಎಚ್‌ಎ ಗದ್ದೆ ಬದಲಿಸುತ್ತದೆ, ಕೆರೆ ಕಟ್ಟುವುದಿಲ್ಲ. ಆದ್ದರಿಂದ 3 ಹೋಸ್ಟ್ ಕೊಂಡು ಒಂದೇ ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಭಾಗ) ಇರುವ ನ್ಯಾಸ್ ಅನ್ನುವ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ ಕೆಳಗಿಟ್ಟರೆ, ಆ ನ್ಯಾಸ್ ಎಷ್ಟು ಗಟ್ಟಿಯೋ ಇಡೀ ಕ್ಲಸ್ಟರ್ ಅಷ್ಟೇ ಗಟ್ಟಿ.

ಹಾಳೆಯ ಮೇಲೆ ಮೊದಲು ಬರೆಯಬೇಕಾದ್ದು ದಾರಿಗಳು. ಹೋಸ್ಟ್‌ನಿಂದ ಡಿಸ್ಕಿನವರೆಗೆ ಗೆರೆ ಎಳೆಯಿರಿ. ಹೋಸ್ಟಿನ ಕಾರ್ಡ್, ಕೇಬಲ್, ಸ್ವಿಚ್, ಕೇಬಲ್, ಕಂಟ್ರೋಲರ್. ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಎಲ್ಲಾದರೂ ಮುಟ್ಟಿಕೊಂಡರೆ ಆ ಜಾಗಕ್ಕೆ ಸುತ್ತು ಹಾಕಿ. ಎರಡು ಕೇಬಲ್ ಒಂದೇ ಸ್ವಿಚ್‌ಗೆ ಹೋಗುತ್ತಿದ್ದರೆ ಅದು ಒಂದೇ ದಾರಿ. ಎರಡು ಪೋರ್ಟ್ ಒಂದೇ ಕಾರ್ಡಿನಲ್ಲಿದ್ದರೂ ಒಂದೇ ದಾರಿ. ಸ್ವಿಚ್‌ಗಳು ಎರಡಿದ್ದರೂ ಸ್ಟ್ಯಾಕ್ ಮಾಡಿದ್ದರೆ, ಅಂದರೆ ಒಂದೇ ಸ್ವಿಚ್‌ನ ಹಾಗೆ ಜೋಡಿಸಿದ್ದರೆ, ಫರ್ಮ್‌ವೇರ್ ಹಾಕುವ ದಿನ ಎರಡೂ ಒಟ್ಟಿಗೆ ರೀಸ್ಟಾರ್ಟ್ ಆಗಬಹುದು. ಆಮೇಲೆ ಕರೆಂಟ್. ಸ್ಟೋರೇಜಿನ ಎರಡು ಪವರ್ ಸಪ್ಲೈಗಳನ್ನೂ ಒಂದೇ ಯುಪಿಎಸ್‌ಗೆ ಚುಚ್ಚಿರುವುದನ್ನು ನಾನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ಒಂದನ್ನು ಈ ಯುಪಿಎಸ್‌ಗೆ, ಇನ್ನೊಂದನ್ನು ಆ ಯುಪಿಎಸ್‌ಗೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಐಸ್ಕಸಿ (ಮಾಮೂಲಿ ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡುವ ವಿಧಾನ) ಬಳಸುವವರಿಗೆ ಎರಡು ಮಾತು. ಎರಡು ದಾರಿಗೂ ಬೇರೆ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಕೊಡಿ. ಎರಡು ಕೇಬಲ್ ಸೇರಿಸಿ ಟೀಮ್ ಮಾಡುವುದಕ್ಕಿಂತ ಹಲವು ದಾರಿ ನಿಭಾಯಿಸುವ ಮಲ್ಟಿಪಾತ್ ಸಾಫ್ಟ್‌ವೇರ್‌ಗೆ ಬಿಡಿ. ಯಾವ ದಾರಿ ಸತ್ತಿದೆ, ಯಾವುದು ಬದುಕಿದೆ ಅಂತ ತಿಳಿಯುವ ಬುದ್ಧಿ ಅದಕ್ಕೇ ಜಾಸ್ತಿ. ಜಂಬೋ ಫ್ರೇಮ್ (ಮಾಮೂಲಿ 1500 ಬೈಟ್‌ಗಿಂತ ದೊಡ್ಡ ನೆಟ್‌ವರ್ಕ್ ಪ್ಯಾಕೆಟ್) ಹಾಕುವುದಾದರೆ ಹೋಸ್ಟ್, ಸ್ವಿಚ್, ಸ್ಟೋರೇಜ್ ಮೂರರಲ್ಲೂ 9000 ಹಾಕಿ, ಇಲ್ಲವೇ ಎಲ್ಲೂ ಹಾಕಬೇಡಿ. ಹಾಕಿದ ಮೇಲೆ 8972 ಬೈಟ್ ಪಿಂಗ್ ಅನ್ನು ತುಂಡು ಮಾಡದೆ ಕಳಿಸಿ ನೋಡಿ. ಹೋಗಲಿಲ್ಲ ಅಂದರೆ ನಡುವೆ ಎಲ್ಲೋ ಒಂದು ಕಡೆ 1500 ಉಳಿದಿದೆ ಅಂತ ಅರ್ಥ.

ಇನ್ನು ಹೊಸಬರು ಎಡವುವ ಒಂದು ಜಾಗ. ಸ್ಯಾನ್‌ನಲ್ಲಿ ಒಂದು ಲನ್ (ಹೋಸ್ಟ್‌ಗೆ ಒಂದು ಡಿಸ್ಕಿನ ಹಾಗೆ ಕಾಣುವ ಸ್ಟೋರೇಜಿನ ಭಾಗ) ಮಾಡಿ ಎರಡು ಹೋಸ್ಟ್‌ಗೂ ತೋರಿಸಿದ ತಕ್ಷಣ ಅದು ಶೇರ್ಡ್ ಸ್ಟೋರೇಜ್ ಆಗಿಬಿಡುವುದಿಲ್ಲ. ಮಾಮೂಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಹಾಕಿ ಎರಡು ಕಡೆ ಮೌಂಟ್ ಮಾಡಿದರೆ ಡೇಟಾ ಹಾಳಾಗುವುದು ಖಂಡಿತ. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ಬರೆದ ಹಾಗೆ. ಅದಕ್ಕಾಗಿಯೇ ವಿಎಂ ನಡೆಸುವ ಸಾಫ್ಟ್‌ವೇರ್ ಆದ ವಿಎಂವೇರ್‌ನಲ್ಲಿ ವಿಎಂಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಇದೆ. ವಿಂಡೋಸ್‌ನಲ್ಲಿ ಸರ್ವರ್ 2008 ಆರ್2ರಿಂದ ಕ್ಲಸ್ಟರ್ ಶೇರ್ಡ್ ವಾಲ್ಯೂಮ್ ಇದೆ. ಇವುಗಳಲ್ಲಿ ಯಾರು ಯಾವ ಪುಟ ಬರೆಯುತ್ತಿದ್ದಾರೆ ಅನ್ನುವ ಲೆಕ್ಕ ಇರುತ್ತದೆ. ವಿಎಂವೇರ್ ಥರದ್ದೇ ಆದ ಪ್ರಾಕ್ಸ್‌ಮಾಕ್ಸ್‌ಗೆ ಹೋಗುತ್ತಿರುವವರು ಈಗ ಬಹಳ ಮಂದಿ ಇದ್ದೀರಿ. ಅಲ್ಲಿ ಐಸ್ಕಸಿ ಲನ್ ಮೇಲೆ ಮಾಮೂಲಿ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕನ್ನು ಭಾಗ ಮಾಡುವ ವ್ಯವಸ್ಥೆ) ಅನ್ನು ಹಂಚಿಕೊಳ್ಳಬಹುದು. ಬರೆದಷ್ಟೇ ಜಾಗ ಹಿಡಿಯುವ ಎಲ್‌ವಿಎಂ-ಥಿನ್ ಅನ್ನು ಹಂಚಿಕೊಳ್ಳಲು ಆಗುವುದಿಲ್ಲ. ಹಂಚಿಕೊಂಡ ಎಲ್‌ವಿಎಂನಲ್ಲಿ ಮುಂಚೆ ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಸ್ಥಿತಿ ಉಳಿಸಿಡುವುದು) ಇರಲೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ 9ನೇ ಆವೃತ್ತಿಯಲ್ಲಿ ಬಂದಿದೆ, ಅದೂ ಪರೀಕ್ಷೆಯ ಹಂತದ ಸೌಲಭ್ಯ ಅಂತ ಹೇಳಿಯೇ ಕೊಟ್ಟಿದ್ದಾರೆ. ಪೆಟ್ಟಿಗೆ ಕೊಳ್ಳುವ ಮುಂಚೆಯೇ ಇದು ಗೊತ್ತಿರಬೇಕು.

ಮುಖ್ಯ ಮಾತಿಗೆ ಬರುತ್ತೇನೆ. ಲನ್ ಎಷ್ಟು ದೊಡ್ಡದಿರಬೇಕು? ಒಂದೇ ದೊಡ್ಡದೋ, ವಿಎಂಗೊಂದೋ?

ಹಿಂದೆ ಇದಕ್ಕೆ ತಾಂತ್ರಿಕ ಕಾರಣ ಇತ್ತು. ವಿಎಂಎಫ್‌ಎಸ್‌ನಲ್ಲಿ ಒಂದು ವಿಎಂ ಆನ್ ಮಾಡಿದರೂ, ಒಂದು ಫೈಲ್ ಬೆಳೆದರೂ ಆ ಹೋಸ್ಟ್ ಕ್ಷಣಕಾಲ ಇಡೀ ಲನ್ನಿಗೆ ಬೀಗ ಹಾಕುತ್ತಿತ್ತು. ವಿಎಂ ಜಾಸ್ತಿ ಇದ್ದರೆ ಬೀಗಕ್ಕಾಗಿ ಕ್ಯೂ. ಈಗಿನ ಸ್ಟೋರೇಜ್‌ಗಳಲ್ಲಿ ಎಟಿಎಸ್ ಅನ್ನುವ ವ್ಯವಸ್ಥೆಯಿಂದ ಬೇಕಾದ ಸಣ್ಣ ಜಾಗಕ್ಕೆ ಮಾತ್ರ ಬೀಗ ಬೀಳುತ್ತದೆ. ಆ ಚಿಂತೆ ಬಹುಮಟ್ಟಿಗೆ ಹೋಗಿದೆ. ಹಾಗಂತ ಒಂದೇ 30 ಟಿಬಿ ಲನ್ ಮಾಡಿ ಎಲ್ಲವನ್ನೂ ಅದರೊಳಗೆ ಸುರಿಯಬೇಡಿ.

ನನ್ನ ಲೆಕ್ಕ ಹೀಗಿದೆ. ಈ ಲನ್ ಹಾಳಾಯಿತು ಅಂದುಕೊಳ್ಳಿ. ಬ್ಯಾಕಪ್‌ನಿಂದ ಇದನ್ನು ಪೂರ್ತಿ ವಾಪಸ್ ತರಲು ಎಷ್ಟು ಹೊತ್ತು ಬೇಕು? ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಬರುತ್ತದೆ. 4 ಟಿಬಿ ಲನ್ ವಾಪಸ್ ಬರಲು ಸುಮಾರು 10 ಗಂಟೆ. 1.5 ಟಿಬಿಗೆ 4 ಗಂಟೆಗಿಂತ ಸ್ವಲ್ಪ ಕಡಿಮೆ. ಈಗ ನಿಮ್ಮ ಆಫೀಸಿನವರನ್ನು ಕೇಳಿ. ಬಿಲ್ಲಿಂಗ್ ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳುತ್ತೀರಿ? 4 ಗಂಟೆ ಅಂದರೆ, ಬಿಲ್ಲಿಂಗ್ ಇರುವ ಲನ್ 1.5 ಟಿಬಿ ದಾಟಬಾರದು, ಇಲ್ಲವೇ 10 ಗಿಗಾಬಿಟ್ ನೆಟ್‌ವರ್ಕ್ ಬೇಕು, ಅದಕ್ಕೆ ತಕ್ಕಷ್ಟು ಬೇಗ ಓದಿಕೊಡುವ ಬ್ಯಾಕಪ್ ಡಿಸ್ಕೂ ಬೇಕು. ದುಡ್ಡು ಕೇಳಲು ಹೋದಾಗಲೂ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ‘ಜಾಸ್ತಿ ಸ್ಪೀಡ್ ಬೇಕು ಸಾರ್’ ಅಂದರೆ ಯಾರೂ ಕಿವಿಗೊಡುವುದಿಲ್ಲ. ‘10 ಗಂಟೆ ನಿಲ್ಲುತ್ತೆ ಸಾರ್’ ಅಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಆಮೇಲೆ ಅವಳಿಗಳನ್ನು ಬೇರೆ ಮಾಡಿ. ಎರಡು ಡೊಮೇನ್ ಕಂಟ್ರೋಲರ್ (ಲಾಗಿನ್ ನೋಡಿಕೊಳ್ಳುವ ಸರ್ವರ್), ಡೇಟಾಬೇಸ್ ಮತ್ತು ಅದರ ರೆಪ್ಲಿಕಾ, ಅಂದರೆ ಪ್ರತಿ, ಎರಡು ಡಿಎನ್‌ಎಸ್. ಇವು ಒಂದೇ ಹೋಸ್ಟ್ ಮೇಲೆ ಕೂರಬಾರದು ಅಂತ ರೂಲ್ ಹಾಕಿರುತ್ತೇವೆ. ಎರಡರ ಡಿಸ್ಕೂ ಒಂದೇ ಲನ್ನಿನಲ್ಲಿ ಇರುತ್ತದೆ! ಹೋಸ್ಟ್ ಬೇರೆ ಮಾಡಿದ ಹಾಗೆ ಲನ್ನೂ ಬೇರೆ ಮಾಡಿ. ಸಾಧ್ಯವಾದರೆ ಅವಳಿಗಳಲ್ಲಿ ಒಂದನ್ನು ಶೇರ್ಡ್ ಸ್ಟೋರೇಜಿನಿಂದಲೇ ಆಚೆ ತನ್ನಿ. ಒಂದು ಡಿಎನ್‌ಎಸ್, ಒಂದು ಡೊಮೇನ್ ಕಂಟ್ರೋಲರ್ ಯಾವುದಾದರೂ ಹೋಸ್ಟಿನ ಒಳಗಿನ ಡಿಸ್ಕಿನಲ್ಲಿ ಇರಲಿ. ಅದಕ್ಕೆ ಎಚ್‌ಎ ಬೇಡ, ಅದರ ಅವಳಿಯೇ ಅದಕ್ಕೆ ಎಚ್‌ಎ. ವಿಂಡೋಸ್ ಕ್ಲಸ್ಟರ್ 2012ರಿಂದ ಡೊಮೇನ್ ಕಂಟ್ರೋಲರ್ ಸಿಗದಿದ್ದರೂ ಏಳುತ್ತದೆ, ಅದಕ್ಕೆ ಮುಂಚೆ ಏಳುತ್ತಿರಲಿಲ್ಲ. ಕ್ಲಸ್ಟರ್ ಎದ್ದರೂ ಮಿಕ್ಕ ಸರ್ವರ್‌ಗಳಿಗೆ ಲಾಗಿನ್ ಬೇಕಲ್ವಾ?

ಜಾಗದ ವಿಷಯ. ನಮ್ಮ ಹಿಂದಿನವರು ಕೆರೆ ಕಟ್ಟುವಾಗ ಕೋಡಿ ಬಿಡುತ್ತಿದ್ದರು. ಹೆಚ್ಚಾದ ನೀರು ಹೋಗಲು ದಾರಿ ಇಲ್ಲದ ಕೆರೆ ಏರಿಯನ್ನೇ ಒಡೆದುಕೊಳ್ಳುತ್ತದೆ. ಸ್ಟೋರೇಜಿಗೂ ಕೋಡಿ ಬೇಕು. ನಾನು ಪ್ರತಿ ಲನ್ನಿನಲ್ಲಿ 20% ಖಾಲಿ ಬಿಡುತ್ತೇನೆ, ಅದನ್ನು ಯಾರು ಕೇಳಿದರೂ ಕೊಡುವುದಿಲ್ಲ. ಯಾಕೆ ಅಂದರೆ, ಥಿನ್ ಡಿಸ್ಕ್‌ಗಳು ಇದ್ದಲ್ಲೇ ಬೆಳೆಯುತ್ತವೆ. ಬ್ಯಾಕಪ್ ಸಾಫ್ಟ್‌ವೇರ್ ತೆಗೆದ ಸ್ನ್ಯಾಪ್‌ಶಾಟ್ ಅಳಿಸದೆ ಉಳಿದರೆ ಅದು ಮೂಲ ಡಿಸ್ಕಿನಷ್ಟೇ ದೊಡ್ಡದಾಗಬಹುದು. ಇನ್ನೊಂದು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ವಿಎಂವೇರ್‌ನಲ್ಲಿ ಮೆಮೊರಿ ರಿಸರ್ವ್ ಮಾಡದ ವಿಎಂ ಆನ್ ಆದಾಗ ತನ್ನ ರ‍್ಯಾಮಿನಷ್ಟೇ ದೊಡ್ಡ ಸ್ವಾಪ್ ಫೈಲನ್ನು ಲನ್ನಿನಲ್ಲಿ ಮಾಡಿಕೊಳ್ಳುತ್ತದೆ. 16 ಜಿಬಿಯ 20 ವಿಎಂ ಅಂದರೆ 320 ಜಿಬಿ. ಇದನ್ನು ಲೆಕ್ಕಕ್ಕೆ ಹಿಡಿಯದೆ ಲನ್ ತುಂಬಿಸಿದರೆ, ಆಫ್ ಮಾಡಿದ ವಿಎಂ ಮತ್ತೆ ಆನ್ ಆಗುವುದಿಲ್ಲ. ಲನ್ ಪೂರ್ತಿ ತುಂಬಿದರಂತೂ ಅದರಲ್ಲಿರುವ ಥಿನ್ ವಿಎಂಗಳು ಹೊಸದಾಗಿ ಬರೆಯಲು ಹೋದ ಕೂಡಲೇ ನಿಲ್ಲುತ್ತವೆ. ತಪ್ಪು ಮಾಡಿದ್ದು ಒಂದು ವಿಎಂ, ನಿಂತದ್ದು ಹತ್ತು. ಬೆಳೆಯುವ ಸ್ವಭಾವದ ವಿಎಂಗಳಿಗೆ, ಅಂದರೆ ಫೈಲ್ ಸರ್ವರ್, ಲಾಗ್ ಸರ್ವರ್, ಸಿಸಿಟಿವಿ ರೆಕಾರ್ಡಿಂಗ್, ಇವುಗಳಿಗೆ ಬೇರೆ ಲನ್ ಕೊಡಿ.

ರೇಡ್, ಅಂದರೆ ಒಂದು ಕೆಟ್ಟರೂ ಡೇಟಾ ಉಳಿಯುವ ಹಾಗೆ ಹಲವು ಡಿಸ್ಕ್ ಜೋಡಿಸುವುದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1.2 ಟಿಬಿಯ 12 ಎಸ್‌ಎಎಸ್ ಡಿಸ್ಕ್, ಒಂದೊಂದಕ್ಕೆ ಸೆಕೆಂಡಿಗೆ 140 ಐಒ (ಓದುವ, ಬರೆಯುವ ಕೆಲಸ) ಅಂತ ಹಿಡಿಯಿರಿ. ಒಟ್ಟು 1680. ಓದುವುದು 70%, ಬರೆಯುವುದು 30%. ರೇಡ್ 10ರಲ್ಲಿ ಒಂದು ಬರಹಕ್ಕೆ ಡಿಸ್ಕಿನಲ್ಲಿ 2 ಕೆಲಸ, ರೇಡ್ 6ರಲ್ಲಿ 6. ಕ್ಯಾಶ್ ಬಿಟ್ಟು ಲೆಕ್ಕ ಹಾಕಿದರೆ ರೇಡ್ 10ರಲ್ಲಿ ಸುಮಾರು 1290 ಸಿಗುತ್ತದೆ, ರೇಡ್ 6ರಲ್ಲಿ ಸುಮಾರು 670. ಜಾಗ ಮಾತ್ರ ಉಲ್ಟಾ, 7.2 ಟಿಬಿ ಮತ್ತು 12 ಟಿಬಿ. ಡೇಟಾಬೇಸ್‌ಗೆ ಮೊದಲನೆಯದು, ಫೈಲ್‌ಗಳಿಗೆ ಎರಡನೆಯದು. ದೊಡ್ಡ ಸಾಟಾ ಡಿಸ್ಕ್‌ಗಳಿಗೆ ರೇಡ್ 5 ಮಾತ್ರ ಬೇಡವೇ ಬೇಡ. ಕೆಟ್ಟದ್ದರ ಬದಲು ಹಾಕಿದ 8 ಟಿಬಿ ಡಿಸ್ಕ್ ಒಂದನ್ನು ಸೆಕೆಂಡಿಗೆ 150 ಎಂಬಿಯಂತೆ ಬರೆದು ತುಂಬಿಸಲು ಬೇರೆ ಯಾವ ಕೆಲಸ ಇಲ್ಲದಿದ್ದರೂ 15 ಗಂಟೆ ಬೇಕು. ಅಷ್ಟೂ ಹೊತ್ತು ಇನ್ನೊಂದು ಡಿಸ್ಕ್ ಕೆಡದಿರಲಿ ಅಂತ ದೇವರಿಗೆ ಕೈಮುಗಿದು ಕೂರಬೇಕು.

ಈಗ ಮತದ, ಅಂದರೆ ವೋಟಿನ ವಿಷಯ. ಎರಡು ಹೋಸ್ಟ್‌ಗಳ ನಡುವಿನ ನೆಟ್‌ವರ್ಕ್ ಮಾತ್ರ ಕಡಿದುಹೋಯಿತು ಅಂದುಕೊಳ್ಳಿ. ಎರಡೂ ಬದುಕಿವೆ. ಎರಡೂ ‘ಇನ್ನೊಬ್ಬ ಸತ್ತ’ ಅಂದುಕೊಳ್ಳುತ್ತವೆ. ಎರಡೂ ಒಂದೇ ವಿಎಂ ಆನ್ ಮಾಡಿದರೆ ಆಗಲೇ ಹೇಳಿದ ಇಬ್ಬರು ಗುಮಾಸ್ತರ ಕಥೆ. ಇದನ್ನು ತಡೆಯಲು ಮೂರನೇ ಮತ ಬೇಕು. ವಿಂಡೋಸ್‌ನಲ್ಲಿ ಇದಕ್ಕೆ ವಿಟ್ನೆಸ್ ಡಿಸ್ಕ್ ಇಡುತ್ತಾರೆ, 512 ಎಂಬಿ ಇದ್ದರೂ ಸಾಕು. ಅದನ್ನು ಬೇರೆಯೇ ಸಣ್ಣ ಲನ್ ಮಾಡಿ, ಅದರಲ್ಲಿ ಬೇರೇನೂ ಇಡಬೇಡಿ. ಫೈಲ್ ಶೇರ್ ವಿಟ್ನೆಸ್ ಇಡುವವರು ಆ ಶೇರ್ ಇರುವ ಸರ್ವರ್ ಅದೇ ಕ್ಲಸ್ಟರಿನ ವಿಎಂ ಆಗದ ಹಾಗೆ ನೋಡಿಕೊಳ್ಳಿ. ಜಗಳ ತೀರಿಸಬೇಕಾದವರು ಜಗಳವಾಡುವವರ ಮನೆಯಲ್ಲೇ ವಾಸ ಮಾಡಬಾರದು. ಲಿನಕ್ಸ್ ಕಡೆ ಫೆನ್ಸಿಂಗ್ ಅಂತ ಇದೆ. ಸತ್ತಿರಬಹುದು ಅನ್ನಿಸಿದ ಹೋಸ್ಟನ್ನು ನಿಜವಾಗಿಯೂ ಆಫ್ ಮಾಡಿ, ಆಮೇಲೆ ವಿಎಂ ಎಬ್ಬಿಸುವುದು. ಟೆಸ್ಟಿಂಗ್ ಅಂತ ಅದನ್ನು ಆಫ್ ಮಾಡಿಟ್ಟು ಹಾಗೇ ಲೈವ್ ಹೋದ ಕ್ಲಸ್ಟರ್‌ಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ವಿಎಂವೇರ್ ಎಚ್‌ಎ ಹಾರ್ಟ್‌ಬೀಟ್‌ಗೆ (ಹೋಸ್ಟ್ ಬದುಕಿದೆಯಾ ಅಂತ ತಿಳಿಯುವ ಸಂಕೇತಕ್ಕೆ) ಎರಡು ಡೇಟಾಸ್ಟೋರ್, ಅಂದರೆ ವಿಎಂ ಇಡುವ ಜಾಗ, ಕೇಳುತ್ತದೆ. ಒಂದೇ ಇದ್ದರೆ ಹಳದಿ ಎಚ್ಚರಿಕೆ ತೋರಿಸುತ್ತದೆ. ಅದೇ ಪೆಟ್ಟಿಗೆಯಲ್ಲಿ ಸುಮ್ನೆ ಇನ್ನೊಂದು ಲನ್ ಮಾಡಿದರೆ ಎಚ್ಚರಿಕೆ ಹೋಗುತ್ತದೆ. ಆದರೆ ಹಾಳೆಯ ಮೇಲೆ ನೋಡಿದರೆ ಅವೆರಡೂ ಒಟ್ಟಿಗೇ ಬೀಳುತ್ತವೆ. ಹಳೆಯ ಸ್ಟೋರೇಜ್ ಒಂದು ಮೂಲೆಯಲ್ಲಿ ಇದ್ದರೆ ಎರಡನೆಯದನ್ನು ಅದರಿಂದ ಕೊಡಿ. ಇನ್ನೊಂದು ಸೆಟ್ಟಿಂಗ್ ನೋಡಿ. ಹೋಸ್ಟ್ ಚೆನ್ನಾಗಿದೆ, ನೆಟ್‌ವರ್ಕ್ ಚೆನ್ನಾಗಿದೆ, ಸ್ಟೋರೇಜ್ ದಾರಿ ಮಾತ್ರ ಹೋಗಿದೆ. ವಿಎಂ ಪಿಂಗ್‌ಗೆ ಉತ್ತರ ಕೊಡುತ್ತದೆ, ಒಳಗೆ ಏನೂ ನಡೆಯುವುದಿಲ್ಲ. 2015ರಲ್ಲಿ ಬಂದ ವಿಎಂವೇರ್‌ನ ವಿಸ್ಫಿಯರ್ 6ರಿಂದ ಇಂಥ ವಿಎಂಗಳನ್ನು ಬೇರೆ ಹೋಸ್ಟ್ ಮೇಲೆ ಮತ್ತೆ ಆನ್ ಮಾಡುವ ಆಯ್ಕೆ ಇದೆ. ನಿಮ್ಮಲ್ಲಿ ಅದು ಆನ್ ಆಗಿದೆಯಾ ಅಂತ ಸೋಮವಾರ ಹೋಗಿ ನೋಡಿ.

ಸೆಫ್ (ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಸ್ಟೋರೇಜ್ ಮಾಡುವ ಸಾಫ್ಟ್‌ವೇರ್) ಬಳಸುವವರು ಕೈ ಎತ್ತಿದ್ದೀರಿ, ಅದಕ್ಕೊಂದು ಲೆಕ್ಕ. 3 ಸರ್ವರ್, ಒಂದೊಂದರಲ್ಲಿ 4 ಡಿಸ್ಕ್, ಎಲ್ಲದರ 3 ಪ್ರತಿ, ಸರ್ವರಿಗೊಂದು. ಎಲ್ಲ ಡಿಸ್ಕ್ 75% ತುಂಬಿವೆ. ಇನ್ನೂ ಕಾಲು ಭಾಗ ಖಾಲಿ ಅಂತ ನೆಮ್ಮದಿಯಾಗಿದ್ದೀರಿ. ಒಂದು ಡಿಸ್ಕ್ ಕೆಟ್ಟಿತು. ಅದರ ಪ್ರತಿಗಳು ಬೇರೆ ಸರ್ವರ್‌ಗೆ ಹೋಗುವ ಹಾಗಿಲ್ಲ, ಅಲ್ಲಿ ಆಗಲೇ ಒಂದೊಂದು ಪ್ರತಿ ಇದೆ. ಅದೇ ಸರ್ವರಿನ ಉಳಿದ 3 ಡಿಸ್ಕಿಗೇ ಬರಬೇಕು. 4 ಡಿಸ್ಕಿನ 75% ಅಂದರೆ 3 ಡಿಸ್ಕಿನ 100%. ಸೆಫ್ ತಾನಾಗಿ 85%ಗೆ ಎಚ್ಚರಿಸುತ್ತದೆ, 95%ಗೆ ಬರೆಯುವುದನ್ನೇ ನಿಲ್ಲಿಸುತ್ತದೆ. ಒಂದು ಡಿಸ್ಕಿನ ಸಾವು ಎಲ್ಲಿಗೆ ಬಂತು ನೋಡಿ. ಇಂಥ ಜೋಡಣೆಯಲ್ಲಿ 60% ದಾಟಬೇಡಿ. ಆಗ ಒಂದು ಡಿಸ್ಕ್ ಹೋದರೂ ಉಳಿದವು 80%ರಲ್ಲಿ ನಿಲ್ಲುತ್ತವೆ. 3 ಸರ್ವರಿನಲ್ಲಿ ತಲಾ 10 ಟಿಬಿ ಇದ್ದರೆ ಹೆಸರಿಗೆ 30, ಪ್ರತಿಗಳು ಹೋಗಿ 10, ಈ ಲೆಕ್ಕ ಹೋಗಿ ಕೈಗೆ ಸಿಗುವುದು 6. ಕೊಟೇಶನ್ ಕೇಳುವಾಗ 6 ಅಂತಲೇ ಬರೆದುಕೊಳ್ಳಿ.

ಬ್ಯಾಕಪ್ ಎಲ್ಲಿರಬೇಕು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅದೇ ಪೆಟ್ಟಿಗೆಯ ಇನ್ನೊಂದು ಲನ್ನಿನಲ್ಲಿರುವುದು ಬ್ಯಾಕಪ್ ಆಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ. ಬ್ಯಾಕಪ್ ಸರ್ವರ್ ವಿಂಡೋಸ್ ಆಗಿದ್ದು ಅದಕ್ಕೆ ವಿಎಂಎಫ್‌ಎಸ್ ಲನ್‌ಗಳನ್ನು ತೋರಿಸಿದ್ದರೆ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ‘ಈ ಡಿಸ್ಕನ್ನು ಇನಿಶಿಯಲೈಸ್ ಮಾಡಲೇ?’ ಅಂತ ಕೇಳಬಹುದು. ಅಭ್ಯಾಸ ಬಲದಿಂದ ಓಕೆ ಒತ್ತಿದರೆ ವಿಎಂಗಳ ಕಥೆ ಮುಗಿಯಿತು. ಯಾವ ಲನ್ ಯಾವ ಸರ್ವರ್‌ಗೆ ಕಾಣಬೇಕೋ ಅಷ್ಟಕ್ಕೇ ಕಾಣಲಿ. ಲನ್ನಿಗೆ ಹೆಸರಿಡುವಾಗ ಯಾವ ಪೆಟ್ಟಿಗೆ, ಯಾವ ರೇಡ್, ಎಷ್ಟನೆಯದು ಅಂತ ಹೆಸರಿನಲ್ಲೇ ಗೊತ್ತಾಗಲಿ.

ಇಷ್ಟೆಲ್ಲ ಮಾಡಿದ ಮೇಲೆ ಲೈವ್ ಹೋಗುವ ಮುಂಚೆ ಒಂದು ಶನಿವಾರ ಇಟ್ಟುಕೊಳ್ಳಿ. ಒಂದು ಕೇಬಲ್ ಕಿತ್ತು ನೋಡಿ. ಒಂದು ಸ್ವಿಚ್ ಆಫ್ ಮಾಡಿ. ಒಂದು ಕಂಟ್ರೋಲರ್ ಎಳೆಯಿರಿ. ಕೊನೆಗೆ ಎಲ್ಲವನ್ನೂ ಆಫ್ ಮಾಡಿ ಮೊದಲಿನಿಂದ ಎಬ್ಬಿಸಿ. ಸ್ವಿಚ್ ಮೊದಲು, ಆಮೇಲೆ ಸ್ಟೋರೇಜ್, ಅದು ಪೂರ್ತಿ ಎದ್ದ ಮೇಲೆ ಹೋಸ್ಟ್. ಆ ಕ್ರಮ, ಐಪಿ ವಿಳಾಸಗಳು, ಫೋನ್ ನಂಬರ್‌ಗಳು ಎಲ್ಲ ಒಂದು ಹಾಳೆಯಲ್ಲಿ ಪ್ರಿಂಟ್ ಆಗಿ ರ‍್ಯಾಕ್ ಬಾಗಿಲಿನ ಒಳಗೆ ಅಂಟಿರಲಿ. ಪಾಸ್‌ವರ್ಡ್ ಮುಚ್ಚಿದ ಕವರಿನಲ್ಲಿ, ಬೀಗ ಹಾಕಿದ ಬೀರುವಿನಲ್ಲಿ ಇರಲಿ.

ಮಾತು ಮುಗಿದ ಮೇಲೆ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು ಎದ್ದು ಕೇಳಿದರು: ‘ಸಾರ್, ನಮ್ಮಲ್ಲಿ ಇರೋದೇ ಎರಡು ಸರ್ವರ್. ಸ್ಯಾನ್ ತಗೊಳ್ಳೋಕೆ ದುಡ್ಡು ಬರಲ್ಲ. ಒಂದು ನ್ಯಾಸ್ ತಗೊಂಡು ಎಚ್‌ಎ ಮಾಡಬಹುದಾ?’

ಮೇಡಂ, ಮಾಡಬಹುದು, ಆದರೆ ನಾನು ಮಾಡುವುದಿಲ್ಲ. ಎರಡು ಸರ್ವರ್ ಒಟ್ಟಿಗೆ ಕೆಡುವುದು ಅಪರೂಪ. ನ್ಯಾಸ್ ಒಂದೇ ಕೆಟ್ಟರೆ ಎರಡೂ ನಿಲ್ಲುತ್ತವೆ. ದುಡ್ಡು ಕೊಟ್ಟು ಒಟ್ಟಿಗೆ ಬೀಳುವ ಜಾಗವನ್ನು ತಂದಿಟ್ಟ ಹಾಗಾಗುತ್ತದೆ. ನಿಮಗೆ ಶೇರ್ಡ್ ಸ್ಟೋರೇಜ್ ಬೇಡ. ಎರಡು ಸರ್ವರಿನಲ್ಲೂ ಒಳಗಿನ ಡಿಸ್ಕಿಗೆ ಜಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿ, ಪ್ರಾಕ್ಸ್‌ಮಾಕ್ಸ್‌ನ ರೆಪ್ಲಿಕೇಶನ್ ಆನ್ ಮಾಡಿ. ನಾವು ಏನೂ ಬದಲಿಸದಿದ್ದರೆ ಅದು 15 ನಿಮಿಷಕ್ಕೊಮ್ಮೆ ಪ್ರತಿ ಮಾಡುತ್ತದೆ. ಮೂರನೇ ಮತಕ್ಕೆ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಸಾಕು. ಒಂದು ಸರ್ವರ್ ಸತ್ತರೆ ಕೊನೆಯ 15 ನಿಮಿಷದ ಕೆಲಸ ಹೋಗಬಹುದು. ಅದು ಪರವಾಗಿಲ್ಲವಾ?

ಅವರು ಸ್ವಲ್ಪ ಯೋಚಿಸಿ ಹೇಳಿದರು: ‘ವರ್ಷವೆಲ್ಲ ಪರವಾಗಿಲ್ಲ ಸಾರ್. ಇಂಟರ್ನಲ್ ಮಾರ್ಕ್ಸ್ ಹಾಕೋ ವಾರ ಮಾತ್ರ ಆಗಲ್ಲ.’

ಹಾಗಾದರೆ ಆ ವಾರಕ್ಕೆ ಮಾರ್ಕ್ಸ್ ಇರುವ ವಿಎಂ ಒಂದನ್ನು 1 ನಿಮಿಷಕ್ಕೆ ಇಳಿಸಿ ಮೇಡಂ. ಮಿಕ್ಕವು 15ರಲ್ಲೇ ಇರಲಿ.